ಬೀಗ ಕಳ್ಳನ ಕೈಗೂ ಬಂತು

ಅಂತರ್ಜಾಲಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ತೆರಬೇಕಿದ್ದ 1990ರ ದಶಕದ ಅಮೆರಿಕ. ಪುಕ್ಕಟೆ ಸಂಪರ್ಕ ಬೇಕಿದ್ದ ಹುಡುಗರು ಸುಳ್ಳು ಕ್ರೆಡಿಟ್ ಕಾರ್ಡ್ ಸಂಖ್ಯೆ ಹುಟ್ಟಿಸಿ ಎಒಎಲ್ ಕಂಪನಿಯಲ್ಲಿ ಖಾತೆ ತೆರೆಯುತ್ತಿದ್ದರು. 1995ರಲ್ಲಿ ಕಂಪನಿ ಆ ದಾರಿ ಮುಚ್ಚಿದಾಗ ಇನ್ನೊಬ್ಬರ ಖಾತೆಗೇ ಕೈ ಹಾಕಿದರು. ಎಒಎಲ್ ಸಿಬ್ಬಂದಿಯ ಸೋಗಿನಲ್ಲಿ ಚಾಟ್‌ಗೆ ಬಂದು, ಬಿಲ್ಲಿನಲ್ಲಿ ಏನೋ ತೊಂದರೆ, ಪಾಸ್‌ವರ್ಡ್ ಹೇಳಿ ಅನ್ನುವುದು. ಹದಿಹರೆಯದವನೊಬ್ಬ ಬರೆದ ಎಒಹೆಲ್ ಎಂಬ ತಂತ್ರಾಂಶ ಈ ಕೆಲಸವನ್ನು ಗುಂಡಿ ಒತ್ತುವಷ್ಟು ಸುಲಭ ಮಾಡಿತು. ಕೊನೆಗೆ, ನಮ್ಮವರು ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ ಎಂದು ಕಂಪನಿ ಸಂದೇಶದ ಕಿಟಕಿಯಲ್ಲೇ ಬರೆಯಬೇಕಾಯಿತು. ನಮ್ಮ ಬ್ಯಾಂಕುಗಳು ಇಂದಿಗೂ ಕಳಿಸುವುದು ಅದೇ ಸಾಲು.

2003ರ ಹೊತ್ತಿಗೆ ಪೇಪಾಲ್, ಇಬೇ ತಾಣಗಳ ನಕಲುಗಳು ಎದ್ದವು. ಕಾಗುಣಿತದ ತಪ್ಪು ಹುಡುಕಿ, ವಿಳಾಸದ ಪಕ್ಕದ ಬೀಗ ನೋಡಿ ಎಂದು ಜನರಿಗೆ ಕಲಿಸಲಾಯಿತು. ಬೀಗದ್ದಂತೂ ಕೆಟ್ಟ ಪಾಠ. ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ ಅದು ಹೇಳುತ್ತದೆ. ಆ ತುದಿಯಲ್ಲಿ ಕೂತವನು ಯಾರೆಂದು ಹೇಳುವುದಿಲ್ಲ. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಆ ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿತು. ಒಳ್ಳೆಯ ಕೆಲಸವೇ, ಆದರೆ ಬೀಗ ಕಳ್ಳರಿಗೂ ದಕ್ಕಿತು. 2023ರಲ್ಲಿ ಕ್ರೋಮ್ ಅದನ್ನು ತೆಗೆದು ಬೇರೆ ಚಿಹ್ನೆ ಇಟ್ಟಿತು.

ಕಲಿಸಬೇಕಿದ್ದದ್ದು ವಿಳಾಸ ಓದುವುದನ್ನು. ಆರಂಭದ ಜೋಡಿ ಓರೆಗೀಟು ದಾಟಿ ಮೊದಲ ಒಂಟಿ ಓರೆಗೀಟಿನ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಬ್ಯಾಂಕಿನ ಹೆಸರು, ಚುಕ್ಕಿ, 'ಕೆವೈಸಿ-ಅಪ್‌ಡೇಟ್', ಚುಕ್ಕಿ, 'ಕಾಮ್' ಎಂದಿದ್ದರೆ ತಾಣದ ಒಡೆಯ ಬ್ಯಾಂಕಲ್ಲ, 'ಕೆವೈಸಿ-ಅಪ್‌ಡೇಟ್' ಎಂಬುದನ್ನು ನೋಂದಾಯಿಸಿಕೊಂಡವನು. ಎಡಕ್ಕೆ ಯಾವ ಬ್ಯಾಂಕಿನ ಹೆಸರನ್ನಾದರೂ ಅವನು ಅಂಟಿಸಬಲ್ಲ. ರಿಸರ್ವ್ ಬ್ಯಾಂಕ್ 2025ರಲ್ಲಿ ಭದ್ರಪಡಿಸಲು ಹೊರಟದ್ದು ಈ ಬಲತುದಿಯನ್ನೇ: ಬ್ಯಾಂಕುಗಳಿಗಷ್ಟೇ ಸಿಗುವ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಅಕ್ಟೋಬರ್ 31ರೊಳಗೆ ಬನ್ನಿ ಎಂದು ಸೂಚಿಸಿತು.

ಅಷ್ಟರಲ್ಲಿ ವಂಚಕರು ವಿಳಾಸವೇ ಬೇಡದ ದಾರಿಯನ್ನೂ ಹಿಡಿದಿದ್ದರು. ಟ್ರಾಫಿಕ್ ಚಲನ್, ಮದುವೆ ಕರೆಯೋಲೆ ಎಂಬ ಹೆಸರು ಹೊತ್ತ ಎಪಿಕೆ ಫೈಲು ವಾಟ್ಸ್‌ಆ್ಯಪ್‌ಗೆ ಬರುತ್ತದೆ, ಕೆಲವೊಮ್ಮೆ ಹ್ಯಾಕ್ ಆದ ನೆಂಟರ ನಂಬರಿನಿಂದಲೇ. ಲಗ್ನಪತ್ರಿಕೆ ಫೋಟೊ ಆಗಿರಬಹುದು, ಪಿಡಿಎಫ್ ಆಗಿರಬಹುದು. ಎಪಿಕೆ ಎಂದರೆ ಆ್ಯಪ್. ಇನ್‌ಸ್ಟಾಲ್ ಮಾಡಿದೊಡನೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಒಟಿಪಿಯನ್ನು ನೀವು ಯಾರಿಗೂ ಹೇಳಬೇಕಿಲ್ಲ, ಅದೇ ಓದಿ ರವಾನಿಸುತ್ತದೆ. ದುಡ್ಡು ಹೋಯಿತೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಠಾಣೆಯ ಓಡಾಟವೆಲ್ಲ ಆಮೇಲೆ. ಹಣ ಖಾತೆಯಿಂದ ಖಾತೆಗೆ ದಾಟುತ್ತಿರುವಾಗಲೇ ಬ್ಯಾಂಕುಗಳು ಅದನ್ನು ತಡೆಹಿಡಿಯಲು ಸಾಧ್ಯ.