ಊಟದ ಪಟ್ಟಿಯಿಂದ ಬರುವ ಹಣ

ಇಂಗ್ಲೆಂಡಿನ ಶಾಲೆಯೊಂದರಲ್ಲಿ ಬಡ ಮಕ್ಕಳು ಎಷ್ಟಿದ್ದಾರೆಂದು ತಿಳಿಯಲು ಅಲ್ಲಿನ ಸರ್ಕಾರ ಮೊದಲು ನೋಡುವುದು ಮಧ್ಯಾಹ್ನದ ಊಟದ ಪಟ್ಟಿಯನ್ನು. ಯಾರಿಗೆ ಊಟ ಪುಕ್ಕಟೆ, ಯಾರು ದುಡ್ಡು ಕೊಡಬೇಕು ಎಂಬ ಆ ಪಟ್ಟಿಯ ಆಧಾರದ ಮೇಲೆಯೇ ಮುಖ್ಯವಾಗಿ ವರ್ಷಕ್ಕೆ ಸುಮಾರು 300 ಕೋಟಿ ಪೌಂಡ್ ಶಾಲೆಗಳಿಗೆ ಹಂಚಿಕೆಯಾಗುತ್ತದೆ. ಈ ಅನುದಾನಕ್ಕೆ ಪ್ಯೂಪಿಲ್ ಪ್ರೀಮಿಯಂ ಎಂದು ಹೆಸರು.

ಇದನ್ನು 2011ರ ಏಪ್ರಿಲ್‌ನಲ್ಲಿ ಶುರುಮಾಡಿದ್ದು ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಟ್ ಪಕ್ಷಗಳ ಸಮ್ಮಿಶ್ರ ಸರ್ಕಾರ. ಆಗ ಉಪಪ್ರಧಾನಿಯಾಗಿದ್ದ ನಿಕ್ ಕ್ಲೆಗ್ ಇದರ ಮುಖ್ಯ ಪ್ರತಿಪಾದಕರಲ್ಲೊಬ್ಬರು. ಮೊದಲ ವರ್ಷ ಮಗುವೊಂದಕ್ಕೆ 488 ಪೌಂಡ್ ಸಿಕ್ಕಿತ್ತು. 2025-26ರಲ್ಲಿ ಅದು ಪ್ರಾಥಮಿಕ ಶಾಲೆಯ ಮಗುವಿಗೆ 1,515, ಪ್ರೌಢಶಾಲೆಯ ವಿದ್ಯಾರ್ಥಿಗೆ 1,075 ಪೌಂಡ್ ಆಗಿದೆ. ಈಗ ಪಟ್ಟಿಯಲ್ಲಿ ಇಲ್ಲದಿದ್ದರೂ ಸರಿ, ಕಳೆದ ಆರು ವರ್ಷಗಳಲ್ಲಿ ಒಮ್ಮೆಯಾದರೂ ಉಚಿತ ಊಟಕ್ಕೆ ಅರ್ಹವಾಗಿದ್ದ ಮಗು ಲೆಕ್ಕಕ್ಕೆ ಬರುತ್ತದೆ. ಇದು ವಿವೇಕದ ನಿಯಮ. ಅಪ್ಪನಿಗೆ ಕೆಲಸ ಸಿಕ್ಕ ಮರುದಿನವೇ ಮಗಳ ಓದಿನ ಹಿನ್ನಡೆ ಮಾಯವಾಗುವುದಿಲ್ಲವಲ್ಲ. ಸೈನಿಕರ ಮಕ್ಕಳಿಗೂ ಸಣ್ಣದೊಂದು ಪಾಲಿದೆ. ಮೇಲಿಂದ ಮೇಲೆ ಶಾಲೆ ಬದಲಿಸುವ ಅವರಿಗೆ ಬೇಕಾಗುವುದು ಮನೆಪಾಠಕ್ಕಿಂತ ಹೆಚ್ಚಾಗಿ ಮಾತಾಡಿಸುವ ಜನ.

ಅತಿ ಹೆಚ್ಚಿನ ಮೊತ್ತ, ಅಂದರೆ 2,630 ಪೌಂಡ್, ಹೆತ್ತವರಿಂದ ದೂರವಾಗಿ ಸ್ಥಳೀಯ ಆಡಳಿತದ ಆಶ್ರಯದಲ್ಲಿ ಬೆಳೆಯುವ ಮಕ್ಕಳಿಗೆ. ಈ ಹಣ ನೇರವಾಗಿ ಶಾಲೆಯ ಕೈಸೇರುವುದಿಲ್ಲ. ಅದನ್ನು ನೋಡಿಕೊಳ್ಳುವವರು ‘ವರ್ಚುವಲ್ ಸ್ಕೂಲ್ ಹೆಡ್’. ಈ ಮುಖ್ಯೋಪಾಧ್ಯಾಯರಿಗೆ ಕಟ್ಟಡವಿಲ್ಲ, ಗಂಟೆಯಿಲ್ಲ, ತರಗತಿಯಿಲ್ಲ. ಹತ್ತಾರು ಶಾಲೆಗಳಲ್ಲಿ ಚದುರಿಹೋದ ಮಕ್ಕಳನ್ನು ಒಂದೇ ಶಾಲೆಯವರೆಂಬಂತೆ ಎಣಿಸಿ, ಯಾರು ಹಾಜರಿದ್ದಾರೆ, ಯಾರು ಹಿಂದೆ ಬಿದ್ದಿದ್ದಾರೆ ಎಂದು ಕಣ್ಣಿಡುವುದು ಇವರ ಕೆಲಸ. 2014ರ ಕಾಯ್ದೆಯೊಂದು ಪ್ರತಿಯೊಂದು ಸ್ಥಳೀಯ ಆಡಳಿತವೂ ಇಂಥ ಹುದ್ದೆಯನ್ನು ಹೊಂದಿರಲೇಬೇಕೆಂದು ವಿಧಿಸಿತು.

ಉಳಿದ ಹಣವೆಲ್ಲ ಶಾಲೆಯ ವಿವೇಚನೆಗೆ ಬಿಟ್ಟದ್ದು. ಅದು ಮಗುವಿನ ಹೆಸರಿನಲ್ಲಿ ಬಂದರೂ ಮಗುವಿನ ಖಾತೆಯಲ್ಲಿ ಇರುವುದಿಲ್ಲ. ‘ನನ್ನ ಮಗನ 1,515 ಪೌಂಡ್ ಎಲ್ಲಿ?’ ಎಂದು ತಾಯಿಯೊಬ್ಬರು ಕೇಳಿದರೆ ತೋರಿಸಲು ಬಿಡಿ ಲೆಕ್ಕವೇ ಇರುವುದಿಲ್ಲ. ಬದಲಿಗೆ, ಹಣವನ್ನು ಯಾವುದಕ್ಕೆ ಖರ್ಚು ಮಾಡುತ್ತೇವೆ, ಏಕೆ, ಹಿಂದಿನ ವರ್ಷ ಏನಾಯಿತು ಎಂಬ ವಿವರಣೆಯನ್ನು ಪ್ರತಿ ಡಿಸೆಂಬರ್ 31ರೊಳಗೆ ಶಾಲೆ ತನ್ನ ಜಾಲತಾಣದಲ್ಲಿ ಹಾಕಬೇಕು.

ಈ ಸ್ವಾತಂತ್ರ್ಯವನ್ನು ಶಾಲೆಗಳು ಆರಂಭದಲ್ಲಿ ಹೇಗೆ ಬಳಸಿಕೊಂಡವು? ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 2012ರಲ್ಲಿ ವಿಚಾರಿಸಿದಾಗ, ಈ ಹಣದಿಂದ ತಮ್ಮ ಕೆಲಸದ ರೀತಿ ಗಣನೀಯವಾಗಿ ಬದಲಾಯಿತೆಂದು ಹೇಳಿದ ಮುಖ್ಯಸ್ಥರು ಹತ್ತರಲ್ಲಿ ಒಬ್ಬರು ಮಾತ್ರ. ಅತಿ ಸಾಮಾನ್ಯ ಖರ್ಚು ತರಗತಿಯಲ್ಲಿ ಶಿಕ್ಷಕರಿಗೆ ನೆರವಾಗುವ ಸಹಾಯಕರ ಸಂಬಳ. ಹಿಂದುಳಿದ ಮಗುವಿನ ಪಕ್ಕ ಒಬ್ಬರನ್ನು ಕೂರಿಸಿದರೆ ಒಳ್ಳೆಯದಾಗದೆ ಇರುತ್ತದೆಯೇ ಎಂಬುದು ಯಾರಿಗಾದರೂ ಹೊಳೆಯುವ ತರ್ಕ. ಆದರೆ ಲಂಡನ್ನಿನ ಸಂಶೋಧಕ ಪೀಟರ್ ಬ್ಲ್ಯಾಚ್‌ಫರ್ಡ್ ಅವರ ತಂಡ ಯೋಜನೆ ಶುರುವಾಗುವ ಮೊದಲೇ, 2009ರಲ್ಲಿ, ಇರುಸುಮುರುಸಿನ ಸಂಗತಿಯೊಂದನ್ನು ವರದಿ ಮಾಡಿತ್ತು: ಸಹಾಯಕರ ನೆರವು ಹೆಚ್ಚು ಪಡೆದ ಮಕ್ಕಳು ಅವರಂಥದೇ ಇತರ ಮಕ್ಕಳಿಗಿಂತ ಕಡಿಮೆ ಪ್ರಗತಿ ಕಂಡಿದ್ದರು. ತಪ್ಪು ಸಹಾಯಕರದ್ದಲ್ಲ. ಅವರಿಗೆ ತಯಾರಿಗೆ ಸಮಯವಿರಲಿಲ್ಲ, ತರಬೇತಿ ಸಾಲದಾಗಿತ್ತು. ಅವರು ಪಕ್ಕದಲ್ಲಿದ್ದಾರೆಂದು ತರಗತಿಯ ಶಿಕ್ಷಕರು ಆ ಮಕ್ಕಳ ಕಡೆ ತಿರುಗುವುದು ಕಡಿಮೆಯಾಗುತ್ತಿತ್ತು.

ಈ ಪ್ರಶ್ನೆಗಳನ್ನೇ ಹಿಡಿದು ಹೊರಟದ್ದು 2011ರಲ್ಲಿ ಸರ್ಕಾರದ 12.5 ಕೋಟಿ ಪೌಂಡ್ ನಿಧಿಯಿಂದ ಹುಟ್ಟಿದ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್. ಯಾವ ಉಪಾಯದಿಂದ ಮಗು ಎಷ್ಟು ತಿಂಗಳು ಮುಂದೆ ಹೋಗುತ್ತದೆ, ಖರ್ಚೆಷ್ಟು ಎಂಬ ಪಟ್ಟಿ ಮಾಡಿ ಅದು ಶಾಲೆಗಳ ಮುಂದಿಟ್ಟಿತು. ತಪ್ಪೆಲ್ಲಿದೆ ಎಂದು ಮಗುವಿಗೆ ಸ್ಪಷ್ಟವಾಗಿ ತಿಳಿಸಿ ಹೇಳುವುದು, ತನ್ನ ಓದನ್ನು ತಾನೇ ಯೋಜಿಸಿ ಪರಿಶೀಲಿಸಲು ಕಲಿಸುವುದು, ಇಂಥ ಹೆಚ್ಚು ಖರ್ಚಿಲ್ಲದ ಕೆಲಸಗಳೇ ಮೇಲಿನ ಸಾಲಿನಲ್ಲಿದ್ದವು. ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಿಸುವುದು ದುಬಾರಿ, ಜೊತೆಗೆ ಹಾನಿಕರ. ಸಹಾಯಕರ ವಿಷಯದಲ್ಲೂ ದಾರಿ ಸಿಕ್ಕಿತು. ನಾಲ್ಕೈದು ವರ್ಷದ ಮಕ್ಕಳ ಮಾತು, ಶಬ್ದಭಂಡಾರ ಬೆಳೆಸುವ ‘ನೆಲಿ’ ಎಂಬ 20 ವಾರಗಳ ಕಾರ್ಯಕ್ರಮಕ್ಕೆ ತರಬೇತಿ ಪಡೆದು ಕೂತಾಗ, ಅದೇ ಸಹಾಯಕರು ಮಕ್ಕಳನ್ನು ಸುಮಾರು ಮೂರು ತಿಂಗಳಷ್ಟು ಮುಂದೆ ತಂದರು.

ಈಗಿನ ಸರ್ಕಾರಿ ಸಲಹೆಯೂ ಈ ದಿಕ್ಕಿನದೇ: ಮೊದಲು ಎಲ್ಲ ಮಕ್ಕಳಿಗೂ ಒಳ್ಳೆಯ ಪಾಠ, ಆಮೇಲೆ ಸಣ್ಣ ಗುಂಪಿನ ವಿಶೇಷ ಪಾಠ, ಅದರ ಜೊತೆಗೆ ಹಾಜರಾತಿ, ಬೆಳಗಿನ ತಿಂಡಿಯ ಕ್ಲಬ್‌ನಂಥವು. ಪ್ರವಾಸ, ಹೊಸ ಟ್ಯಾಬ್ಲೆಟ್ ಫೋಟೊದಲ್ಲಿ ಚೆನ್ನಾಗಿ ಕಾಣುತ್ತವೆ. ಶಿಕ್ಷಕರ ತರಬೇತಿ ಕಾಣುವುದಿಲ್ಲ. ಮುಖ್ಯಸ್ಥರ ಧೈರ್ಯ ಪರೀಕ್ಷೆಗೆ ಬರುವುದು ಇಲ್ಲೇ.

ಬಡ ಮಕ್ಕಳ ಮತ್ತು ಉಳಿದವರ ಫಲಿತಾಂಶದ ಅಂತರ ಕಡಿಮೆಯಾಯಿತೇ? 2011ರ ನಂತರ ಕೆಲವು ವರ್ಷ ನಿಧಾನವಾಗಿ ಇಳಿಯಿತು, ಆಮೇಲೆ ನಿಂತಿತು. ಕೋವಿಡ್ ಬಂದು ಶಾಲೆ ಮುಚ್ಚಿದ ಮೇಲೆ, 2022ರ ಹೊತ್ತಿಗೆ ಆ ಅಂತರ ಹತ್ತು ವರ್ಷಗಳಲ್ಲೇ ಅತಿ ದೊಡ್ಡದಾಗಿತ್ತು.

ಊಟದ ಪಟ್ಟಿಗೆ ಅದರದೇ ತೊಡಕುಗಳಿವೆ. ಕರ್ನಾಟಕದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಬಿಸಿಯೂಟಕ್ಕೆ ಕೂತ ಮಗುವಿನ ಮನೆಯ ಆದಾಯವನ್ನು ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಹೆತ್ತವರು ಸಾಮಾನ್ಯವಾಗಿ ಅರ್ಜಿ ಹಾಕಬೇಕು, ಎಷ್ಟೋ ಜನ ಸಂಕೋಚದಿಂದ ಹಾಕುವುದಿಲ್ಲ. 2014ರ ಸೆಪ್ಟೆಂಬರ್‌ನಿಂದ ಮೊದಲ ಮೂರು ತರಗತಿಗಳ ಎಲ್ಲರಿಗೂ ಊಟ ಉಚಿತವಾದಾಗ ಫಜೀತಿ ಇನ್ನೂ ಹೆಚ್ಚಿತು. ಊಟ ಹೇಗೂ ಸಿಗುತ್ತದಲ್ಲ, ಅರ್ಜಿ ಏಕೆ? ಆದರೆ ಅರ್ಜಿಯಿಲ್ಲದಿದ್ದರೆ ಶಾಲೆಗೆ ಹಣವಿಲ್ಲ. ಅರ್ಜಿ ಕೊಟ್ಟವರಿಗೆ ಸಮವಸ್ತ್ರದ ಖರ್ಚು ಭರಿಸುತ್ತೇವೆಂದು ಕೆಲವು ಶಾಲೆಗಳು ಪಾಲಕರಿಗೆ ಚೀಟಿ ಕಳಿಸತೊಡಗಿದವು.

2026ರ ಸೆಪ್ಟೆಂಬರ್‌ನಿಂದ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುವ ಎಲ್ಲ ಕುಟುಂಬಗಳ ಮಕ್ಕಳಿಗೂ ಉಚಿತ ಊಟವೆಂದು 2025ರ ಜೂನ್‌ನಲ್ಲಿ ಸರ್ಕಾರ ಪ್ರಕಟಿಸಿತು. ಪ್ಯೂಪಿಲ್ ಪ್ರೀಮಿಯಂ ಮಾತ್ರ ಈ ಹೊಸ ಪಟ್ಟಿಯ ಜೊತೆ ಹಿಗ್ಗುವುದಿಲ್ಲ. ಅದಕ್ಕೆ ಉಚಿತ ಊಟಕ್ಕಿದ್ದ, ಕುಟುಂಬದ ಸಂಪಾದನೆ ವರ್ಷಕ್ಕೆ 7,400 ಪೌಂಡ್ ಮೀರಬಾರದೆಂಬ ಹಳೆಯ ಮಿತಿಯೇ ಆಧಾರ.