ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯೇ?

ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದಿರಿ. ನೀರು ನೂಲಿನ ಹಾಗೆ ಬರುತ್ತಿದೆ. ಬಾವಿಯಲ್ಲಿ ನೀರಿದೆ. ಪಂಪು ಓಡುತ್ತಿದೆ. ಆದರೂ ಕೊಡ ತುಂಬುವುದಿಲ್ಲ. ಆಗ ಮನೆಯಲ್ಲಿ ಏನು ಹೇಳುತ್ತಾರೆ? "ಪಂಪು ಹಾಳಾಯ್ತು, ಹೊಸತು ತರಬೇಕು" ಅಂತ.

ಸ್ವಲ್ಪ ತಾಳಿ. ಹೊಸ ಪಂಪಿಗೆ ಸಾವಿರಾರು ರೂಪಾಯಿ ಬೇಕು. ತಂದ ಮೇಲೂ ನೀರು ಸಣ್ಣಗೇ ಬಂದರೆ ಏನು ಮಾಡುತ್ತೀರಿ? ತೊಂದರೆ ಎಲ್ಲಿದೆ ಎಂದು ಮೊದಲು ಹುಡುಕೋಣ.

ನೀರು ಬರುವ ದಾರಿ

ನಮ್ಮ ಕಾಸರಗೋಡಿನ ಕಡೆ ಹಲವು ಮನೆಗಳಲ್ಲಿ ಹೀಗಿರುತ್ತದೆ. ಮುರಕಲ್ಲಿನಲ್ಲಿ ತೋಡಿದ ಬಾವಿ. ಬಾವಿಕಟ್ಟೆಯ ಬಳಿ ಪಂಪು. ತಾರಸಿಯ ಮೇಲೆ ಟ್ಯಾಂಕಿ. ಅಲ್ಲಿಂದ ನಲ್ಲಿಗೆ ಪೈಪು. ಪಂಪು ನೀರನ್ನು ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿಯಿಂದ ನೀರು ತಾನೇ ಇಳಿದು ನಲ್ಲಿಗೆ ಬರುತ್ತದೆ. ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ. ಇದನ್ನು ನೆನಪಿಡಿ.

ಜೋರು ಎಲ್ಲಿಂದ ಬರುತ್ತದೆ?

ಗುಡ್ಡದ ಸುರಂಗದ ನೀರು ಪಂಪಿಲ್ಲದೆ ತೋಟಕ್ಕೆ ಇಳಿದು ಬರುವುದನ್ನು ನೀವು ನೋಡಿರಬಹುದು. ಎತ್ತರದಿಂದ ಇಳಿಯುವ ನೀರಿಗೆ ಜೋರು ಇರುತ್ತದೆ. ಇದಕ್ಕೆ ಒತ್ತಡ ಎನ್ನುತ್ತಾರೆ. ಪ್ಲಂಬರ್ ಇದನ್ನೇ 'ಪ್ರೆಶರ್' ಅನ್ನುತ್ತಾನೆ.

ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. 3 ಮೀಟರ್ ಮೇಲಿದ್ದರೆ ಸುಮಾರು 300 ಗ್ರಾಮ್ ಮಾತ್ರ. ಆದ್ದರಿಂದ ಕೆಳಗಿನ ನಲ್ಲಿಯಲ್ಲಿ ಜೋರು ಹೆಚ್ಚು, ಮಹಡಿಯ ನಲ್ಲಿಯಲ್ಲಿ ಕಡಿಮೆ. ಟ್ಯಾಂಕಿ ಅಗಲವಾದರೆ ಜೋರು ಹೆಚ್ಚುವುದಿಲ್ಲ. ಟ್ಯಾಂಕಿ ಎತ್ತರದಲ್ಲಿದ್ದರೆ ಹೆಚ್ಚುತ್ತದೆ.

ಮೊದಲು ನಲ್ಲಿ ನೋಡಿ

ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತಿರುಗಿಸಿ. ಒಂದರಲ್ಲಿ ಮಾತ್ರ ಸಣ್ಣಗೆ ಬಂದರೆ ತೊಂದರೆ ಆ ನಲ್ಲಿಯಲ್ಲೇ ಇರಬಹುದು. ಕೆಲವು ನಲ್ಲಿಗಳ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ. ಅದರಲ್ಲಿ ಮರಳು, ಕೆಸರು ಸಿಕ್ಕಿಕೊಳ್ಳುತ್ತದೆ. ಬಿಚ್ಚಿ, ಹಳೆಯ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಆಮೇಲೆ ಟ್ಯಾಂಕಿ ನೋಡಿ

ಎಲ್ಲ ನಲ್ಲಿಗಳಲ್ಲೂ ಸಣ್ಣಗೆ ಬರುತ್ತಿದೆಯೇ? ಟ್ಯಾಂಕಿ ತುಂಬಿದೆಯೇ ಎಂದು ನೋಡಿ. ತುಂಬಿದ್ದರೆ ಪಂಪಿನ ತಪ್ಪಲ್ಲ. ಇಳಿಯುವ ದಾರಿಯಲ್ಲಿ ತಡೆ ಇದೆ. ಟ್ಯಾಂಕಿಯ ಕೆಳಗಿನ ವಾಲ್ವ್ ಪೂರ್ತಿ ತೆರೆದಿದೆಯೇ? ತಳದಲ್ಲಿ ಕೆಸರು ಕೂತಿದೆಯೇ? ಟ್ಯಾಂಕಿ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಎಲ್ಲ ನಲ್ಲಿಗಳನ್ನೂ ಸ್ವಲ್ಪ ಹೊತ್ತು ತೆರೆದಿಡಿ. ಗಾಳಿ ಬುಸ್ ಬುಸ್ ಎಂದು ಹೊರಗೆ ಹೋಗುತ್ತದೆ. ಹಳೆಯ ಕಬ್ಬಿಣದ ಪೈಪಾದರೆ ಒಳಗೆ ತುಕ್ಕು ಕಟ್ಟಿ ದಾರಿ ಕಿರಿದಾಗುತ್ತದೆ. ಅಂಥ ಪೈಪನ್ನು ಬದಲಿಸಬೇಕು.

ಕೊನೆಗೆ ಪಂಪು ಮತ್ತು ಬಾವಿ

ಟ್ಯಾಂಕಿಯೇ ತುಂಬುತ್ತಿಲ್ಲವೇ? ಹಾಗಾದರೆ ಏರುವ ದಾರಿ ನೋಡಿ.

ಖಾಲಿ ಟ್ಯಾಂಕಿ ತುಂಬಲು ಎಷ್ಟು ನಿಮಿಷ ಬೇಕು ಎಂದು ಗಡಿಯಾರ ನೋಡಿ ಬರೆದಿಡಿ. 500 ಲೀಟರಿನ ಟ್ಯಾಂಕಿ 25 ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 20 ಲೀಟರ್ ಆಯಿತು. ಮುಂದೆ ಅದೇ ಟ್ಯಾಂಕಿಗೆ 50 ನಿಮಿಷ ಬೇಕಾದರೆ ನೀರು ಅರ್ಧಕ್ಕೆ ಇಳಿದಿದೆ ಎಂದರ್ಥ.

ಕಾರಣ ತಿಳಿಯಲು ಈ ಗುರುತುಗಳನ್ನು ನೋಡಿ:

• ದಿನಾ ಬೆಳಿಗ್ಗೆ ಪಂಪಿಗೆ ನೀರು ಹೊಯ್ಯಬೇಕಾಗುತ್ತದೆಯೇ? ಪೈಪಿನ ಬುಡದ ಫುಟ್ ವಾಲ್ವ್ ಸೋರುತ್ತಿರಬಹುದು.

• ನೀರು ಗುಳ್ಳೆಗಳ ಜೊತೆ ಬಿಟ್ಟು ಬಿಟ್ಟು ಬರುತ್ತದೆಯೇ? ನೀರೆಳೆಯುವ ಪೈಪಿನ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿರಬಹುದು.

• ಸಂಜೆ ಹೊತ್ತು ಮಾತ್ರ ನೀರು ಕಡಿಮೆಯೇ? ದೀಪವೂ ಮಂಕಾಗಿದೆಯೇ? ವೋಲ್ಟೇಜು ಇಳಿದಿರಬಹುದು. ಆಗ ಪಂಪು ನಿಲ್ಲಿಸಿ. ಓಡಿಸಿದರೆ ಮೋಟಾರು ಬಿಸಿಯಾಗಿ ಸುಡುತ್ತದೆ.

• ಬೇಸಗೆಯಲ್ಲಿ ಮಾತ್ರ ಹೀಗಾಗುತ್ತದೆಯೇ? ಬಾವಿಯ ನೀರು ಬಹಳ ಕೆಳಗೆ ಹೋಗಿರಬಹುದು.

ಈ ಕೊನೆಯ ಮಾತು ಮುಖ್ಯ. ಮೇಲೆ ಕೂತ ಪಂಪು ಸುಮಾರು 7 ಮೀಟರ್ ಆಳದವರೆಗೆ ಮಾತ್ರ ಸರಿಯಾಗಿ ನೀರೆಳೆಯುತ್ತದೆ. ಎಷ್ಟು ದೊಡ್ಡ ಪಂಪಾದರೂ 10 ಮೀಟರಿಗಿಂತ ಕೆಳಗಿನ ನೀರನ್ನು ಬರೀ ಎಳೆದು ಮೇಲೆ ತರಲಾರದು. ಒಂದು ಎಚ್‌ಪಿ ತೆಗೆದು ಎರಡು ಎಚ್‌ಪಿ ಹಾಕಿದರೂ ಅಷ್ಟೇ. ಹಣ ದಂಡ. ಮೆಕ್ಯಾನಿಕ್ಕಿಗೆ ಹೇಳಿ ಪಂಪನ್ನೇ ನೀರಿನ ಹತ್ತಿರಕ್ಕೆ ಇಳಿಸಬೇಕು. ಇಲ್ಲವಾದರೆ ನೀರಿನೊಳಗೆ ಮುಳುಗಿ ಓಡುವ ಪಂಪು ಹಾಕಬೇಕು. ಬಾವಿ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಬೇಕೇ? ಹಗ್ಗಕ್ಕೆ ಕೊಡ ಕಟ್ಟಿ ಇಳಿಸಿ. ಹಗ್ಗ ಎಲ್ಲಿಯವರೆಗೆ ಹೋಯಿತು ಎಂದು ಅಳೆಯಿರಿ.

ಜೀವ ದೊಡ್ಡದು

ಪಂಪು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

ಫುಟ್ ವಾಲ್ವ್ ನೋಡಲು ನೀವು ಬಾವಿಗೆ ಇಳಿಯಬೇಡಿ. ಪೈಪನ್ನು ಮೇಲೆಳೆದು ನೋಡಲಿ. ಆಳದ ಬಾವಿಯಲ್ಲಿ ಕೆಟ್ಟ ಗಾಳಿ ನಿಂತಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಕೆಲವು ಸಲ ವಾಸನೆಯೂ ಇರುವುದಿಲ್ಲ. ಇಳಿಸಿದ ದೀಪ ಆರಲಿಲ್ಲ ಎಂದು ಧೈರ್ಯ ಮಾಡಬೇಡಿ. ಒಳಗೆ ಬಿದ್ದವರನ್ನು ಎತ್ತಲು ಹೋಗಿ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಸತ್ತ ಉದಾಹರಣೆಗಳಿವೆ. ಅಂಥ ಹೊತ್ತಿನಲ್ಲಿ ಅಗ್ನಿಶಾಮಕ ದಳಕ್ಕೆ 101 ನಂಬರಿಗೆ ಫೋನ್ ಮಾಡಿ.

ಬರೆದಿಡಿ

ನೀವು ಈಗ ಓದು ಬರಹ ಬಲ್ಲವರು. ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ತಾರೀಕು, ಟ್ಯಾಂಕಿ ತುಂಬಿದ ನಿಮಿಷ, ಬಾವಿಯ ನೀರಿನ ಆಳ, ರಿಪೇರಿಗೆ ಕೊಟ್ಟ ಹಣ, ಇಷ್ಟನ್ನು ಬರೆಯಿರಿ. ಮೆಕ್ಯಾನಿಕ್ ಬಂದಾಗ ಓದಿ ಹೇಳಿ. "ಏನೋ ಹಾಳಾಗಿದೆ, ನೋಡಿ" ಎನ್ನುವವರಿಗೆ ಬಿಲ್ಲು ಬೆಳೆಯುತ್ತದೆ. "ಟ್ಯಾಂಕಿಗೆ 25 ನಿಮಿಷ ಇತ್ತು, ಈಗ 50 ಆಗಿದೆ" ಎನ್ನುವವರಿಗೆ ಸುಮ್ಮನೆ ಹೊಸ ಪಂಪು ಮಾರುವುದು ಸುಲಭವಲ್ಲ.

ನೀವೇ ಮಾಡಿ

1. ನಿಮ್ಮ ಮನೆಯ ಟ್ಯಾಂಕಿ ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ?

2. ಟ್ಯಾಂಕಿ ತುಂಬಲು ಎಷ್ಟು ನಿಮಿಷ ಬೇಕು? ಬರೆಯಿರಿ.

3. ಮೇ ತಿಂಗಳಲ್ಲಿ ನಿಮ್ಮ ಬಾವಿಯ ನೀರು ಎಷ್ಟು ಆಳಕ್ಕೆ ಇಳಿಯುತ್ತದೆ? ಅಳೆದು ಬರೆಯಿರಿ.