ತೊಳೆದರೂ ಮರಳುವ ಸೋಂಕು

ಸೊರಬದ ಗುಡಿಗಾರರ ಗಂಧದ ಕೆತ್ತನೆಗಳನ್ನು ಮಾರುವ ಒಂದು ಪುಟ್ಟ ವೆಬ್‌ಸೈಟ್ ಇದೆ ಎಂದುಕೊಳ್ಳಿ. ಶಿಕಾರಿಪುರದ ಗಿರಾಕಿಯೊಬ್ಬರು ಗೂಗಲ್‌ನಲ್ಲಿ ಹುಡುಕಿ ಅದನ್ನು ಒತ್ತಿದರೆ ತೆರೆದುಕೊಳ್ಳುವುದು ರಮ್ಮಿ ಆಟದ ಪುಟ. ಫೋನ್ ಮಾಡಿ ತಿಳಿಸಿದರೆ ಮಾಲೀಕರು ನಂಬುವುದಿಲ್ಲ. ಅವರು ನೇರವಾಗಿ ವಿಳಾಸ ಟೈಪ್ ಮಾಡಿ ನೋಡಿದಾಗ ಎಲ್ಲವೂ ಸರಿಯಾಗೇ ಕಾಣುತ್ತದೆ.

ಇಬ್ಬರೂ ಹೇಳುತ್ತಿರುವುದು ನಿಜ. ತಾಣದೊಳಗೆ ಕಳ್ಳರು ಸೇರಿಸಿದ ಕೋಡ್, ಬಂದವರು ಎಲ್ಲಿಂದ ಬಂದರು ಎಂದು ಮೊದಲು ನೋಡುತ್ತದೆ. ಗೂಗಲ್ ಮೂಲಕ ಮೊಬೈಲ್‌ನಲ್ಲಿ ಬಂದವರನ್ನು ಜೂಜಿನ ಪುಟಕ್ಕೆ ಅಟ್ಟುತ್ತದೆ; ಮಾಲೀಕರಂತೆ ನೇರವಾಗಿ ಬಂದವರಿಗೆ ಅಸಲಿ ಪುಟ ತೋರಿಸುತ್ತದೆ. ಹೀಗಾಗಿ ಮನೆಯವರಿಗೇ ವಿಷಯ ಕೊನೆಗೆ ತಿಳಿಯುವುದು.

‘ನಮ್ಮಂಥ ಸಣ್ಣವರ ಮೇಲೆ ಯಾರಿಗೆ ಕಣ್ಣು?’ ಎಂಬ ಪ್ರಶ್ನೆ ಸಹಜ. ಯಾರಿಗೂ ಇಲ್ಲ. ಹುಡುಕುವುದು ಮನುಷ್ಯರಲ್ಲ, ಹಗಲುರಾತ್ರಿ ಒಂದೊಂದೇ ವಿಳಾಸದ ಬಾಗಿಲು ತಟ್ಟುತ್ತಾ ಹೋಗುವ ತಂತ್ರಾಂಶಗಳು. ಜಗತ್ತಿನ ನೂರು ವೆಬ್‌ಸೈಟ್‌ಗಳಲ್ಲಿ ನಲವತ್ತಕ್ಕೂ ಹೆಚ್ಚು ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಅದರ ಒಂದು ಬಿಡಿಭಾಗದಲ್ಲಿ ದೋಷ ಸಿಕ್ಕಿದರೆ ಲಕ್ಷಗಟ್ಟಲೆ ತಾಣಗಳ ಬಾಗಿಲು ಒಂದೇ ಸಲ ತೆರೆದಂತೆ. 2011ರ ಟಿಮ್‌ಥಂಬ್ ಪ್ರಕರಣ ಇದೇ. ಚಿತ್ರಗಳ ಗಾತ್ರ ಕುಗ್ಗಿಸುವ ಈ ಪುಟ್ಟ ಕಡತ, ತಾಣಕ್ಕೆ ರೂಪ ಕೊಡುವ ಹಲವಾರು ಥೀಮ್‌ಗಳ ಒಳಗೆ ಅಡಗಿತ್ತು. ಕೆಲವು ನಂಬಿಕಸ್ಥ ತಾಣಗಳಿಂದ ಮಾತ್ರ ಚಿತ್ರ ತರಬೇಕೆಂಬ ನಿಯಮವೇನೋ ಅದರಲ್ಲಿತ್ತು. ಆದರೆ ಅಂಥ ತಾಣವೊಂದರ ಹೆಸರು ವಿಳಾಸದಲ್ಲಿ ಎಲ್ಲಾದರೂ ಒಂದು ಕಡೆ ಇದ್ದರೆ ಸಾಕಿತ್ತು! ಆ ಹೆಸರನ್ನು ತಮ್ಮ ವಿಳಾಸದೊಳಗೆ ತುರುಕಿದ ಕಳ್ಳರು ಚಿತ್ರದ ಬದಲು ಸರ್ವರ್‌ನಲ್ಲಿ ಓಡಬಲ್ಲ ಪಿಎಚ್‌ಪಿ ಕಡತವನ್ನೇ ಒಳಗಿಳಿಸಿದರು. ಬಳಸದೆ ಬಿಟ್ಟಿದ್ದ ಹಳೆಯ ಥೀಮ್ ಕೂಡ ದಾರಿಯಾಯಿತು.

ಸ್ವಚ್ಛ ಮಾಡುವಾಗ ಹೆಚ್ಚಿನವರು ಕಣ್ಣಿಗೆ ಕಾಣುವ ಜಾಹೀರಾತನ್ನು ಅಳಿಸಿ ಸುಮ್ಮನಾಗುತ್ತಾರೆ. ಕೊಳೆ ಬಂದ ಅಡಿಕೆಯನ್ನು ಆರಿಸಿ ಹೊರಹಾಕದೆ ತೋಟದಲ್ಲೇ ಬಿಟ್ಟರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ; ಇಲ್ಲೂ ಅದೇ ಆಗುತ್ತದೆ. ಒಳನುಗ್ಗಿದವರು ಒಂದೇ ಹಿಂಬಾಗಿಲು ಇಟ್ಟು ಹೋಗುವುದು ಅಪರೂಪ. ಚಿತ್ರಗಳಷ್ಟೇ ಇರಬೇಕಾದ ಅಪ್‌ಲೋಡ್ ಫೋಲ್ಡರ್‌ನಲ್ಲಿ ಒಂದು ಪಿಎಚ್‌ಪಿ ಕಡತ, ಅಸಲಿ ಹೆಸರಿನಲ್ಲಿ ಒಂದಕ್ಷರ ಮಾತ್ರ ಬದಲಿಸಿಕೊಂಡ ಇನ್ನೊಂದು, ಬಳಕೆದಾರರ ಪಟ್ಟಿಯಲ್ಲಿ ಅಪರಿಚಿತ ಅಡ್ಮಿನ್, ಅಳಿಸಿದ್ದನ್ನು ಗಂಟೆಗೊಮ್ಮೆ ಮತ್ತೆ ತಂದಿಡುವ ನಿಗದಿತ ಆಜ್ಞೆ. ತಾಣದ ಮಾಲೀಕರಿಗೆಂದು ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ತಮ್ಮನ್ನೇ ಒಡೆಯರೆಂದು ನೋಂದಾಯಿಸಿಕೊಳ್ಳುವವರೂ ಇದ್ದಾರೆ.

ಅದಕ್ಕೇ ನನ್ನ ಸ್ಪಷ್ಟ ಅಭಿಪ್ರಾಯ: ತೇಪೆ ಹಾಕಬೇಡಿ, ಹೊಸದಾಗಿ ಕಟ್ಟಿ. ಮೊದಲು ಸೋಂಕಿತ ತಾಣದ ಪೂರ್ತಿ ಪ್ರತಿಯನ್ನು, ಸರ್ವರ್‌ನ ಲಾಗ್ ಸಮೇತ, ಬೇರೆ ಕಡೆ ತೆಗೆದಿಡಿ. ಕಳ್ಳ ಯಾವ ದಾರಿಯಲ್ಲಿ ಬಂದ ಎನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ವರ್ಡ್‌ಪ್ರೆಸ್, ಥೀಮ್, ಪ್ಲಗಿನ್‌ಗಳನ್ನು ಮೂಲ ತಾಣದಿಂದಲೇ ಹೊಸದಾಗಿ ಇಳಿಸಿಕೊಳ್ಳಿ. ಹಳೆಯದರಿಂದ ಬರಹ, ಚಿತ್ರಗಳು ಮಾತ್ರ ಬರಲಿ, ಅವೂ ತಪಾಸಣೆಯ ನಂತರ. ಹೋಸ್ಟಿಂಗ್, ಡೇಟಾಬೇಸ್, ಎಫ್‌ಟಿಪಿ, ಇಮೇಲ್ ಎಲ್ಲದರ ಪಾಸ್‌ವರ್ಡ್ ಬದಲಾಗಬೇಕು. ವರ್ಡ್‌ಪ್ರೆಸ್‌ನ ರಹಸ್ಯ ಕೀಲಿಗಳನ್ನೂ ಬದಲಿಸಬೇಕು. ಇಲ್ಲದಿದ್ದರೆ ಈಗಾಗಲೇ ಲಾಗಿನ್ ಆಗಿ ಕೂತವನು ಅಲ್ಲೇ ಕೂತಿರುತ್ತಾನೆ. ಅದೇ ಹೋಸ್ಟಿಂಗ್ ಖಾತೆಯಲ್ಲಿ ಮರೆತುಹೋದ ಇನ್ನೊಂದು ತಾಣವಿದ್ದರೆ ಅದನ್ನೂ ನೋಡಿ. ಸೋಂಕು ಮರಳಿ ಬರುವುದು ಹಲವು ಬಾರಿ ಅಲ್ಲಿಂದಲೇ. ಹಣ ಕೊಟ್ಟು ಕೊಳ್ಳಬೇಕಾದ ಥೀಮ್ ಪುಕ್ಕಟೆ ಸಿಕ್ಕಿತೆಂದು ಹಾಕಿಕೊಂಡಿದ್ದರೆ ಕಳ್ಳನಿಗೆ ನೀವೇ ಬಾಗಿಲು ತೆರೆದಿದ್ದೀರಿ.

ದೊಡ್ಡವರೂ ಸುರಕ್ಷಿತರಲ್ಲ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ ಕನ್ನ ಬಿತ್ತು. ಗುತ್ತಿಗೆದಾರರ ಠೇವಣಿಯ 11 ಕೋಟಿಗೂ ಹೆಚ್ಚು ರೂಪಾಯಿ ಬೇರೆ ಖಾತೆಗಳಿಗೆ ಹೋಯಿತು; ಪ್ರಕರಣ ಸಿಐಡಿಗೆ ಬಂತು. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ತಿಳಿದ ಆರು ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ.

ನಮ್ಮ ಊರುಗಳ ದೊಡ್ಡ ತೊಡಕು ಬೇರೆಯೇ. ತಾಣ ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋಗಿರುತ್ತಾನೆ, ಪಾಸ್‌ವರ್ಡ್ ಅವನ ಹಳೆಯ ಇಮೇಲ್‌ನಲ್ಲಿ ಉಳಿದಿರುತ್ತದೆ. ಅಂಗಡಿ, ಶಾಲೆ, ಸೊಸೈಟಿ, ದೇವಸ್ಥಾನ ಯಾವುದೇ ಇರಲಿ, ಡೊಮೈನ್ ಮತ್ತು ಹೋಸ್ಟಿಂಗ್ ಯಾರ ಹೆಸರಿನಲ್ಲಿವೆ ಎಂದು ಇವತ್ತೇ ವಿಚಾರಿಸಿ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ವಾರಕ್ಕೊಂದು ಬ್ಯಾಕಪ್ ಆ ಸರ್ವರ್‌ನ ಹೊರಗೆ ನಿಮ್ಮ ಕೈಯಲ್ಲಿರಲಿ.